ಪದಚರ್ಚೆ: ಎರಡನೇ ಪಿಟೀಲಿಗೆ ‘ಒತ್ತಾಸೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಹಿನ್ನೆಲೆ ಹೇಳದೆ ಕೇಳಿದರೆ ತಲೆಬುಡ ಗೊತ್ತಾಗುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ.

ಒಂದು ವರ್ಷದಿಂದ ನಾನು ಆನ್‌ಲೈನಿನಲ್ಲಿ ಕೇಜನ್ ಪಿಟೀಲು ಕಲಿಯುತ್ತಿದ್ದೇನೆ. ಮೇಷ್ಟ್ರು ಅಮೆರಿಕದ ಲೂಸಿಯಾನದವರು. ನನಗೆ ಬೆಳಗಿನ ಆರೂವರೆ, ಅವರಿಗೆ ಹಿಂದಿನ ರಾತ್ರಿ ಎಂಟು. 1755ರಿಂದ ಮುಂದೆ ಬ್ರಿಟಿಷರು ಈಗಿನ ಕೆನಡಾದ ಅಕಾಡಿಯಾದಿಂದ ಹೊರಗಟ್ಟಿದ ಫ್ರೆಂಚ್ ಮಾತಿನ ಜನರಲ್ಲಿ ಹಲವರು ಕೊನೆಗೆ ಬಂದು ನೆಲೆಸಿದ್ದು ಈ ಲೂಸಿಯಾನದಲ್ಲಿ. ‘ಅಕಾಡಿಯೆನ್’ ಬಾಯಲ್ಲಿ ಸವೆದು ‘ಕಾಡಿಯೆನ್’ ಆಯಿತು, ಇಂಗ್ಲಿಷಿನವರ ಬಾಯಲ್ಲಿ ‘ಕೇಜನ್’. ಅದೇ ಸೀಮೆಯ ಫ್ರೆಂಚ್ ಮಾತಾಡುವ ಕಪ್ಪು ಜನರದು ಕ್ರಿಯೋಲ್ ಸಂಗೀತ. ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ. 1929ರಲ್ಲಿ ಕ್ರಿಯೋಲ್ ಅಕಾರ್ಡಿಯನ್ ವಾದಕ ಅಮೆಡೆ ಆರ್ಡ್ವಾನ್ ಮತ್ತು ಬಿಳಿಯ ಪಿಟೀಲುಗಾರ ಡೆನಿಸ್ ಮಗೀ ಜೊತೆಯಾಗಿ ರೆಕಾರ್ಡ್ ಮಾಡಿದರು. ಅದು ಕರಿಯರು ಬಿಳಿಯರು ಒಂದೇ ಶಾಲೆಗೆ ಹೋಗುವಂತಿಲ್ಲದ ಕಾಲ.

ಅದೇ ವರ್ಷ ಮಗೀ, ಸೇಡಿ ಕೂರ್ವಿಲ್ ಅನ್ನುವವರ ಜೊತೆಗೂ ರೆಕಾರ್ಡ್ ಮಾಡಿದರು. ಬರೀ ಎರಡು ಪಿಟೀಲು. ಒಬ್ಬರು ಹಾಡಿನ ಧಾಟಿ ನುಡಿಸುತ್ತಾರೆ. ಇನ್ನೊಬ್ಬರು ಕೆಳಗಿನ ತಂತಿಗಳ ಮೇಲೆ ಎರಡೆರಡು ಸ್ವರ ಒಟ್ಟಿಗೆ ಹಿಡಿದು, ಕಮಾನಿನಲ್ಲೇ ಲಯ ಕಟ್ಟುತ್ತಾರೆ. ಈ ಎರಡನೆಯ ಕೆಲಸಕ್ಕೆ ಅಲ್ಲಿನವರು ‘ಸೆಕಂಡಿಂಗ್’ ಅನ್ನುತ್ತಾರೆ. ನನಗೆ ಕನ್ನಡ ಬೇಕಾಗಿರುವುದು ಇದಕ್ಕೆ.

ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೆ. ಹಾಗಾಗಿ ಮೊದಲು ನೆನಪಾಗಿದ್ದು ‘ಪಕ್ಕವಾದ್ಯ’. ಆದರೆ ನಮ್ಮ ಪಕ್ಕವಾದ್ಯದ ಪಿಟೀಲು ಹಾಡುವವರ ನೆರಳಿನ ಹಾಗೆ, ಅವರು ಹೋದ ಕಡೆಯೆಲ್ಲ ಹೋಗುತ್ತದೆ. ಸೆಕಂಡಿಂಗ್‌ನಲ್ಲಿ ಧಾಟಿಯ ಹಿಂದೆ ಹೋಗುವುದೇ ತಪ್ಪು. ‘ಹಿಮ್ಮೇಳ’ ಅಂದರೆ ಯಕ್ಷಗಾನದ ಭಾಗವತರು, ಮದ್ದಳೆ, ಚೆಂಡೆ ಎಲ್ಲ ಸೇರಿ ಬರುತ್ತಾರೆ, ಒಬ್ಬರ ಕೆಲಸಕ್ಕೆ ಆ ಪದ ದೊಡ್ಡದಾಯಿತು. ತೊಡಕು ಇರುವುದು ಇಲ್ಲೇ ಅನ್ನಿಸುತ್ತದೆ: ನಮ್ಮಲ್ಲಿ ಶ್ರುತಿ ತಂಬೂರಿಯ ಪಾಲು, ತಾಳ ಮೃದಂಗದ ಪಾಲು. ಅಲ್ಲಿ ಎರಡನ್ನೂ ಒಂದೇ ಕಮಾನು ಹೊರುತ್ತದೆ. ಮೂರು ಎಣಿಕೆಯ ಕುಣಿತವಾದ ವಾಲ್ಟ್ಸ್ ಆದರೆ ಒಂದು ಭಾರದ ಎಳೆತ, ಎರಡು ಹಗುರ.

ಆಮೇಲೆ ಹೊಳೆದದ್ದು ‘ಒತ್ತು’. ನಾಗಸ್ವರದ ಪಕ್ಕದಲ್ಲಿ ಒಂದೇ ಸ್ವರ ಹಿಡಿದು ಊದುವ ವಾದ್ಯಕ್ಕೆ ಆ ಹೆಸರಿದೆ. ಒತ್ತಕ್ಷರವೂ ಮೂಲ ಅಕ್ಷರದ ಕೆಳಗೇ ಕೂರುತ್ತದೆ, ಅಲ್ವಾ? ಸರಿಯಾದ ಪದ ಸಿಕ್ಕಿತು ಅಂತ ಖುಷಿಯಾಗಿ ಅಕ್ಕನ ಮಗಳ ಮೇಲೆ ಪ್ರಯೋಗ ಮಾಡಿದೆ.

ಅವಳನ್ನು ಯಾಕೆ ಹಿಡಿದುಕೊಂಡೆ ಅಂದರೆ, ಈ ಒಂದು ವಿದ್ಯೆ ಮಾತ್ರ ಆನ್‌ಲೈನಿನಲ್ಲಿ ಹತ್ತುವುದಿಲ್ಲ. ಮೇಷ್ಟ್ರ ಧಾಟಿಗೆ ನಾನು ಸರಿಯಾಗಿ ಕಮಾನು ಎಳೆದರೂ ನನ್ನ ಸದ್ದು ಅವರಿಗೆ ತಡವಾಗಿ ತಲುಪುತ್ತದೆ. “ಹಿಂದೆ ಬೀಳ್ತಿದ್ದೀಯ” ಅಂತಾರೆ. ಅದಕ್ಕೆ ನನ್ನ ಮೈಕು ಮುಚ್ಚಿಕೊಂಡು ನುಡಿಸಬೇಕು, ಆಗ ಅವರಿಗೆ ಏನೂ ಕೇಳುವುದಿಲ್ಲ. ಸಾಲದ್ದಕ್ಕೆ, ತಂತಿ ಒಂದೇ ಸಮನೆ ಮಿಡಿದರೆ ಆ್ಯಪು ಅದನ್ನು ಫ್ಯಾನಿನ ಸದ್ದು ಅಂದುಕೊಂಡು ನುಂಗಿಹಾಕುತ್ತಿತ್ತು. ಆ ಸೆಟ್ಟಿಂಗ್ ಹುಡುಕಿ ಆರಿಸುವುದಕ್ಕೆ ಎರಡು ಪಾಠ ಹೋಯಿತು. ಒಟ್ಟಿನಲ್ಲಿ ಎದುರಿಗೆ ಒಂದು ಆಳು ಬೇಕು.

ಹುಡುಗಿಗೆ “ನಾನು ಧಾಟಿ, ನೀನು ಒತ್ತು” ಅಂದೆ. ಅವಳು ಕಮಾನನ್ನು ಒತ್ತಿದಳು! ಕರ್ರ್ ಅಂತ ಸದ್ದು, ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. ತಪ್ಪು ಅವಳದಲ್ಲ. ಪಿಟೀಲು ಕಲಿಯುವ ಮಗುವಿಗೆ ‘ಒತ್ತು’ ಅಂದರೆ ಇನ್ನೇನು ಅರ್ಥವಾಗಬೇಕು?

ಈಗ ‘ಒತ್ತಾಸೆ’ಗೆ ಬಂದು ನಿಂತಿದ್ದೇನೆ. ಬೆಂಬಲ ಅನ್ನುವ ಅರ್ಥ ಅದರಲ್ಲಿದೆ, ಬರೀ ಬೆಂಬಲಕ್ಕಿಂತ ಬೆನ್ನಿಗೆ ತಾಗಿ ನಿಂತ ಭಾವ ಜಾಸ್ತಿ. ‘ಒತ್ತಾಸೆ ನುಡಿಸು’, ‘ಕೂರ್ವಿಲ್ ಅವರ ಒತ್ತಾಸೆ’ ಅಂತೆಲ್ಲ ಬರೆದು ನೋಡಿದೆ. ನನ್ನ ಕಿವಿಗೆ ಸರಿ ಅನ್ನಿಸಿತು. ‘ಎರಡನೇ ಪಿಟೀಲು’ ಅಂದರೆ ದರ್ಜೆ ಕಮ್ಮಿ ಅನ್ನುವ ಹಾಗಾಗುತ್ತದೆ, ಅದು ನನಗೆ ಬೇಡ. ‘ಒತ್ತಾಸೆ’ಯನ್ನು ಸಂಗೀತದ ಮಾತಲ್ಲಿ ಯಾರಾದರೂ ಬಳಸಿದ್ದು ಕೇಳಿದ್ದೀರಾ? ಭಜನೆ ಮೇಳ, ತತ್ವಪದ, ಕಂಪನಿ ನಾಟಕದ ಪೇಟಿಯವರ ನಡುವೆ ಇದಕ್ಕಿಂತ ಒಳ್ಳೆಯ ಪದ ಓಡಾಡುತ್ತಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು, ಇದು ಸುಮ್ನೆ ಕುತೂಹಲಕ್ಕೆ. ಕೇಜನ್ನರು ರಾತ್ರಿಯ ಕುಣಿತದ ಕೂಟಕ್ಕೆ ‘ಫೇ ದೋದೋ’ ಅನ್ನುತ್ತಾರೆ. ‘ದೋದೋ’ ಅಂದರೆ ಫ್ರೆಂಚ್ ಮಕ್ಕಳ ಮಾತಿನಲ್ಲಿ ನಿದ್ದೆ. ತಾಯಂದಿರು ಕೂಸುಗಳನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ಕುಣಿಯಲು ಹೋಗುತ್ತಿದ್ದರಂತೆ, ಅದರಿಂದ ಬಂದ ಹೆಸರು ಅಂತ ಹೇಳುತ್ತಾರೆ. ನಾನು ‘ತಾಚಿ ಮಾಡು’ ಅಂತ ಬರೆದುಕೊಂಡೆ, ಪದಕ್ಕೆ ಪದ ಕೂತುಬಿಟ್ಟಿತು. ‘ತಾಚಿ’ ನಮ್ಮ ಮೈಸೂರಿನ ಮನೆಯ ಮಾತು. ಧಾರವಾಡ, ಕಲಬುರಗಿ, ಮಂಗಳೂರು ಕಡೆ ಕೂಸು ಮಲಗಿಸುವಾಗ ಏನಂತೀರಿ?