ಕಾವೇರಿ ಕಣಿವೆಗೆ ಮೌಂಟನ್ ಸೈಕಲ್: ತಮಿಳುನಾಡು ಗಡಿಯವರೆಗೆ ಯಾವ ದಾರಿ ಹಿಡಿಯಬೇಕು?

ಕೇಳಿದವರು, ಬನಶಂಕರಿಯಿಂದ

ನಾನೂ ನನ್ನ ತಮ್ಮನೂ ಅವಲಹಳ್ಳಿ ಕಾಡಿನ ಮಣ್ಣುದಾರಿಯಲ್ಲಿ ಸೈಕಲ್ ತುಳಿದು ಪಳಗಿದವರು. ಡಿಸೆಂಬರ್ ಕೊನೆಯ ವಾರದಲ್ಲಿ ಇಬ್ಬರಿಗೂ ಮೂರು ದಿನ ರಜೆ ಸಿಕ್ಕಿದೆ. ಕಾವೇರಿಯ ಪಕ್ಕದಲ್ಲೇ ಸಾಗಿ ರಾಜ್ಯದ ಗಡಿ ಮುಟ್ಟಬೇಕೆಂಬ ಆಸೆ. ಮೊಬೈಲ್ ನಕ್ಷೆಯಲ್ಲಿ ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಿಂದ ಮೇಕೆದಾಟು ದಾಟಿ ಬಿಳಿಗುಂಡ್ಲುವರೆಗೆ ಹೊಳೆಯ ಗುಂಟ ಒಂದು ಚುಕ್ಕಿಗೆರೆ ಕಾಣುತ್ತದೆ. ಆ ದಾರಿಯಲ್ಲಿ ಹೊಗೇನಕಲ್ ತಲುಪಬಹುದೇ? ಡಾಂಬರು ಕಡಿಮೆ ಇರಲಿ, ಹಳ್ಳಿ ಮತ್ತು ಹೊಳೆ ಹೆಚ್ಚಿರಲಿ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕನಕಪುರ ರಸ್ತೆಯಿಂದ ಒಬ್ಬರು

ಮೇಡಂ, ಆ ಚುಕ್ಕಿಗೆರೆಯನ್ನು ಮರೆತುಬಿಡಿ. ಅದು ಕಾವೇರಿ ವನ್ಯಜೀವಿಧಾಮದ ಒಳಗೆ ಅರಣ್ಯ ಸಿಬ್ಬಂದಿ ಗಸ್ತು ತಿರುಗುವ ಜಾಡು. 1987ರಲ್ಲಿ ಘೋಷಣೆಯಾದ ಈ ಧಾಮ ಈಗ ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದೆ. ಅನುಮತಿಯಿಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಯಾರೋ ಒಬ್ಬರು ಎಂದೋ ಹೋಗಿ ಜಾಡನ್ನು ನಕ್ಷೆಗೆ ಏರಿಸಿದ್ದಾರೆಂದರೆ ಅದು ನಮಗೆ ಪರವಾನಗಿಯಾಗುವುದಿಲ್ಲ.

ಎರಡನೆಯ ಮಾತು ಏರಿನದು. ಸಂಗಮಕ್ಕೆ ನೂರು ಕಿಲೋಮೀಟರ್ ಎಂದು ಎಲ್ಲರೂ ದೂರ ಲೆಕ್ಕ ಹಾಕುತ್ತಾರೆ, ಎತ್ತರವನ್ನು ಯಾರೂ ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಹೊಳೆ ಅದಕ್ಕಿಂತ ಸುಮಾರು ಅರ್ಧ ಕಿಲೋಮೀಟರ್ ಕೆಳಗಿದೆ. ನಮ್ಮ ನಲ್ಲಿಗೆ ಕಾವೇರಿ ನೀರು ಬರಬೇಕಾದರೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪು ಮಾಡಿ ಮೇಲೆತ್ತುತ್ತಾರೆ. ಹೋಗುವಾಗ ಇಳಿಜಾರಿನಲ್ಲಿ ಹಾಡಿಕೊಂಡು ಹೋದವರು ವಾಪಸು ಬರುವಾಗ ಆ ಪಂಪುಗಳ ಕೆಲಸವನ್ನು ತಮ್ಮ ತೊಡೆಗಳಿಂದಲೇ ಮಾಡಬೇಕು. ಆದ್ದರಿಂದ ವಾಪಸಾತಿಗೆ ಒಂದು ಲಗೇಜ್ ಆಟೊವನ್ನು ಮೊದಲೇ ಮಾತನಾಡಿಟ್ಟುಕೊಳ್ಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ದಾರಿ ಹೀಗೆ: ಕನಕಪುರದವರೆಗೆ ಹೆದ್ದಾರಿಯಲ್ಲಿ ತುಳಿಯಬೇಡಿ, ಸೈಕಲ್‌ಗಳನ್ನು ವಾಹನದಲ್ಲಿ ಹಾಕಿಕೊಂಡು ಬನ್ನಿ. ಊರು ದಾಟಿದ ಮೇಲೆ ದೊಡ್ಡಾಲಹಳ್ಳಿಯ ಕಡೆಗೆ ಹೋಗುವ ರಸ್ತೆಯ ಎಡಬಲಕ್ಕೆ ಕೆರೆ ಏರಿಗಳು, ಹಿಪ್ಪುನೇರಳೆ ತೋಟಗಳ ನಡುವಿನ ಬಂಡಿದಾರಿಗಳು ಬೇಕಾದಷ್ಟಿವೆ. ನಿಜವಾದ ಸವಾರಿ ಅಲ್ಲಿದೆ. ಕಾಡು ಶುರುವಾದ ಮೇಲೆ ಮಾತ್ರ ಡಾಂಬರು ಬಿಡಬೇಡಿ. ಸಂಗಮದಲ್ಲಿ ಅರ್ಕಾವತಿಯನ್ನು ತೆಪ್ಪದಲ್ಲಿ ದಾಟಿದರೆ ಆಚೆ ದಡದಿಂದ ಮೇಕೆದಾಟಿಗೆ ಬಸ್ ಇರುತ್ತದೆ. ಸೈಕಲ್ ಈಚೆಯೇ ಇರಲಿ. ಅರ್ಕಾವತಿಯ ನೀರನ್ನು ಬಾಟಲಿಗೆ ತುಂಬಿಕೊಳ್ಳಬೇಡಿ. ನಂದಿಬೆಟ್ಟದಲ್ಲಿ ಹುಟ್ಟಿದ ಹೊಳೆಯೆಂಬ ಹೆಸರೇನೋ ಇದೆ, ಆದರೆ ನಡುವೆ ವೃಷಭಾವತಿ ನಮ್ಮ ಊರಿನ ಕೊಳಕನ್ನೆಲ್ಲ ಹೊತ್ತು ತಂದು ಅದಕ್ಕೆ ಸುರಿಯುತ್ತದೆ.

ಸಾತನೂರು ಕಡೆಯವರು, ಈಗ ಬೆಂಗಳೂರು ವಾಸಿ

ಮೇಲಿನವರು ಕಾನೂನು ಹೇಳಿದರು, ನಾನು ಆನೆಯ ವಿಷಯ ಹೇಳುತ್ತೇನೆ. ನೀವು ಆರಿಸಿಕೊಂಡಿರುವ ತಿಂಗಳೇ ನಮ್ಮ ಕಡೆ ರಾಗಿ ಕೊಯ್ಲು, ಮೆದೆ ಒಟ್ಟುವ ಕಾಲ. ಬನ್ನೇರುಘಟ್ಟದಿಂದ ಕಾವೇರಿಯವರೆಗೆ ಕಾಡು ಒಂದಕ್ಕೊಂದು ತಾಗಿಕೊಂಡಿದೆ. ಆನೆಗಳು ಆ ಪಟ್ಟಿಯಲ್ಲಿ ಓಡಾಡುತ್ತ ಸಂಜೆಯಾದ ಮೇಲೆ ಹೊಲಗಳಿಗೆ ಇಳಿಯುತ್ತವೆ. ನಮ್ಮವರು ಅಟ್ಟಣೆ ಕಟ್ಟಿಕೊಂಡು ರಾತ್ರಿಯೆಲ್ಲ ಕಾವಲು ಕೂರುತ್ತಾರೆ. ಬೆಳಗಿನ ಜಾವ ಅವು ಹೊಲ ಬಿಟ್ಟು ಕಾಡಿಗೆ ಮರಳುವ ಹೊತ್ತು. ನಗರದ ಸೈಕಲ್ ಸವಾರರು ‘ಬಿಸಿಲೇರುವ ಮೊದಲೇ ಹೊರಡೋಣ’ ಎಂದು ಐದು ಗಂಟೆಗೆ ತಲೆಗೆ ದೀಪ ಕಟ್ಟಿಕೊಂಡು ಹೊರಡುವುದೂ ಅದೇ ಹೊತ್ತು. ಕಾಡಂಚಿನಲ್ಲಿ ಬೆಳಿಗ್ಗೆ ಎಂಟರ ಮೊದಲು, ಸಂಜೆ ನಾಲ್ಕರ ನಂತರ ಸೈಕಲ್ ಏರಲೇಬೇಡಿ. ಬಿಸಿಲು ಸಹಿಸಬಹುದು.

ಮೋಟಾರು ಬೈಕಿಗಾದರೆ ಸದ್ದಿದೆ, ಆನೆ ದೂರದಿಂದಲೇ ಅರಿಯುತ್ತದೆ. ಸೈಕಲ್ ಸದ್ದಿಲ್ಲದೆ ತಿರುವಿನಲ್ಲಿ ನುಗ್ಗುತ್ತದೆ, ಇಬ್ಬರೂ ಬೆಚ್ಚುತ್ತಾರೆ. ತಿರುವುಗಳಲ್ಲಿ ಜೋರಾಗಿ ಮಾತನಾಡುತ್ತ ಹೋಗಿ, ಗಂಟೆ ಬಾರಿಸಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರನ್ನು ನಾನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲ. ಲದ್ದಿ ಕಂಡರೆ ಹಸಿಯೋ ಒಣಗಿದೆಯೋ ನೋಡಿ; ಹಸಿಯಾಗಿದ್ದರೆ ಬಂದ ದಾರಿಯಲ್ಲೇ ತಿರುಗಿ.

ಇನ್ನೊಂದು ಮಾತು. ಹೊಲದ ಬೇಲಿಯ ತಂತಿಯನ್ನು ಸೋಲಾರ್ ಎಂದುಕೊಂಡು ಮುಟ್ಟಬೇಡಿ, ಸೈಕಲ್ಲನ್ನೂ ಅದಕ್ಕೆ ಒರಗಿಸಬೇಡಿ. ಕೆಲವು ಕಡೆ ನೇರ ಕರೆಂಟು ಕೊಟ್ಟಿರುತ್ತಾರೆ. ಅದು ಅಪರಾಧ, ಎಲ್ಲರಿಗೂ ಗೊತ್ತು, ಆದರೂ ಕೊಡುತ್ತಾರೆ.

ದಾರಿ ಕೇಳುವಾಗ ‘ಈ ದಾರಿ ಹೋಗುತ್ತದೆಯೇ’ ಎಂದು ಕೇಳಬೇಡಿ, ಎಲ್ಲ ದಾರಿಯೂ ಹೋಗುತ್ತದೆ. ‘ನಿನ್ನೆ ರಾತ್ರಿ ಈ ಕಡೆ ಇಳಿದಿದ್ದವೇ’ ಎಂದು ಕೇಳಿ. ಕಾವಲು ಮುಗಿಸಿ ಬಂದ ಯಜಮಾನರು ಯಾವ ಹಳ್ಳ, ಎಷ್ಟು ಆನೆ, ಮರಿ ಇದೆಯೇ ಎಲ್ಲವನ್ನೂ ಹೇಳುತ್ತಾರೆ.

ಹೊಸೂರಿನಿಂದ

ಗಡಿ ಮುಟ್ಟುವುದೇ ಗುರಿಯಾದರೆ ಸಂಗಮದ ಗೊಡವೆಯೇ ಬೇಡ, ನಮ್ಮ ಕಡೆಯಿಂದ ಬನ್ನಿ. ಆನೇಕಲ್, ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ನಾಟ್ರಾಂಪಾಳ್ಯ, ಅಲ್ಲಿಂದ ಹೊಗೇನಕಲ್. ಗಡಿಯನ್ನು ತಳಿಗೆ ಮೊದಲೇ ದಾಟಿಬಿಡುತ್ತೀರಿ, ಫಲಕದ ಅಕ್ಷರ ಬದಲಾಗದಿದ್ದರೆ ನಿಮಗೆ ಗೊತ್ತೂ ಆಗುವುದಿಲ್ಲ. ಮಾತು ಬದಲಾಗುವುದಿಲ್ಲ, ಡೆಂಕಣಿಕೋಟೆಯ ಸುತ್ತಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಇನ್ನು ಕೆಲವು ಕಡೆ ತೆಲುಗು. ಕನ್ನಡದಲ್ಲಿ ಧಾರಾಳವಾಗಿ ಮಾತನಾಡಿ.

ತಳಿಯ ಕಡೆ ತಂಪು, ಮಣ್ಣುದಾರಿಗಳು ನುಣುಪಾಗಿವೆ, ಕಲಿಯುವವರಿಗೂ ಸರಿ. ಡೆಂಕಣಿಕೋಟೆ ಬಿಟ್ಟ ಮೇಲೆ ಕಾಡು ಮತ್ತು ಘಟ್ಟದ ಇಳಿತ. ಅಲ್ಲಿ ಮುಖ್ಯ ರಸ್ತೆ ಬಿಡುವಂತಿಲ್ಲ: ತಮಿಳುನಾಡು ತನ್ನ ಭಾಗವನ್ನು ಕಾವೇರಿ ಉತ್ತರ ಮತ್ತು ದಕ್ಷಿಣ ವನ್ಯಜೀವಿಧಾಮಗಳೆಂದು ಘೋಷಿಸಿದೆ, ದಕ್ಷಿಣದ್ದು ಆದದ್ದು 2022ರಲ್ಲಿ. ಅಂಚೆಟ್ಟಿಯಲ್ಲಿ ಊಟ ಮುಗಿಸಿ ನೀರು ತುಂಬಿಸಿಕೊಳ್ಳಿ, ಮುಂದೆ ಅಂಗಡಿಗಳನ್ನು ನಂಬಬೇಡಿ. ಹೊಗೇನಕಲ್‌ನಿಂದ ಮೇಲೆ ಪೆನ್ನಾಗರಕ್ಕೂ ಘಟ್ಟ ಹತ್ತಬೇಕು. ಧರ್ಮಪುರಿ ತಲುಪಿದರೆ ಬೆಂಗಳೂರಿಗೆ ರೈಲು ಸಿಗುತ್ತದೆ. ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡುವ ಬಗ್ಗೆ ನಿಲ್ದಾಣದಲ್ಲಿ ಮೊದಲೇ ವಿಚಾರಿಸಿ.

ಕೊಳ್ಳೇಗಾಲದಿಂದ

ಎಲ್ಲರೂ ಎಡದಂಡೆಯನ್ನೇ ಹೇಳುತ್ತಿದ್ದೀರಿ. ಹೊಗೇನಕಲ್‌ನ ಬಲದಂಡೆ ನಮ್ಮ ಜಿಲ್ಲೆ ಎಂಬುದು ಯಾರಿಗೂ ನೆನಪಾಗಲಿಲ್ಲ! ಹನೂರು, ಮಲೆ ಮಹದೇಶ್ವರ ಬೆಟ್ಟ, ಪಾಲಾರ್, ಗೋಪಿನಾಥಂ. ಪಾಲಾರ್ ಹಳ್ಳವೇ ಅಲ್ಲಿ ಎರಡು ರಾಜ್ಯಗಳ ಗಡಿ. ಬೆಟ್ಟದಿಂದ ಪಾಲಾರ್‌ಗೆ ಇಳಿಯುವ ತಿರುವುಗಳಲ್ಲಿ ಬ್ರೇಕ್ ಮತ್ತು ಧೈರ್ಯ ಎರಡರ ಪರೀಕ್ಷೆಯೂ ಆಗುತ್ತದೆ.

ಗೋಪಿನಾಥಂಗೆ ಬರುವವರೆಲ್ಲ ವೀರಪ್ಪನ್ ಮನೆ ಯಾವುದೆಂದು ಕೇಳುತ್ತಾರೆ. ಅಲ್ಲಿ ನೋಡಬೇಕಾದದ್ದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಊರಿನವರಿಗೆ ಕಟ್ಟಿಸಿಕೊಟ್ಟ ಮಾರಿಯಮ್ಮನ ಗುಡಿ. 1991ರಲ್ಲಿ ಅವರನ್ನು ವೀರಪ್ಪನ್ ಕೊಂದ. ಊರಿನವರು ಇಂದಿಗೂ ಆ ಹೆಸರನ್ನು ಗೌರವದಿಂದಲೇ ಎತ್ತುತ್ತಾರೆ.

ಮೂರು ದಿನಕ್ಕೆ ಈ ದಾರಿ ಬಿಗಿಯಾಗುತ್ತದೆ. ಬೆಟ್ಟದವರೆಗೆ ಸೈಕಲ್ಲನ್ನು ವಾಹನದಲ್ಲಿ ತರುವುದಾದರೆ ಮಾತ್ರ ಯೋಚಿಸಿ.

ಮಂಡ್ಯದವರು

ಕೋಪ ಮಾಡಿಕೊಳ್ಳಬೇಡಿ, ಆದರೆ ಹೊಳೆ ನೋಡಲು ಕಾಡಿಗೇ ಏಕೆ ನುಗ್ಗಬೇಕು? ಕನ್ನಂಬಾಡಿಯಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಕವಲುಗಳ ಏರಿಯ ಮೇಲೆ ಮದ್ದೂರು, ಮಳವಳ್ಳಿ ಕಡೆ ದಿನವಿಡೀ ಮಣ್ಣಿನಲ್ಲೇ ಸಾಗಬಹುದು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಕಬ್ಬು, ಭತ್ತ. ಆಲೆಮನೆ ಕಂಡರೆ ಬಿಸಿ ಬೆಲ್ಲ. ಅಲ್ಲಿಂದ ಶಿವನಸಮುದ್ರ ದೂರವಿಲ್ಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಾಗ ಅದು.

ಒಂದೇ ಎಚ್ಚರಿಕೆ: ನಾಲೆಗೆ ಬಹಳ ಕಡೆ ತಡೆಗೋಡೆ ಇಲ್ಲ. ಇಬ್ಬರು ಅಕ್ಕಪಕ್ಕ ಹೋಗಬೇಡಿ, ಮುಂದೆ ಹಿಂದೆ ಹೋಗಿ. ಟ್ರ್ಯಾಕ್ಟರ್ ಬಂದರೆ ನೀರಿನ ಬದಿಗೆ ಸರಿಯಬೇಡಿ.

ಹಲಗೂರಿನಿಂದ ಮುತ್ತತ್ತಿಗೂ ಹೋಗಬಹುದು. ಮುತ್ತತ್ತಿರಾಯನಿಗೆ ಕೈಮುಗಿದು ಹೊಳೆಮತ್ತಿ ಮರದ ನೆರಳಿನಲ್ಲಿ ಕುಳಿತುಕೊಳ್ಳಿ, ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ಮಡುವಿನ ಅಡಿಯಲ್ಲಿ ಸುಳಿ ಇದೆ, ಈಜು ಬಲ್ಲವರೂ ಮುಳುಗಿ ಸತ್ತಿದ್ದಾರೆ. ಮೊಸಳೆಗಳೂ ಇವೆ.

ಸೈಕಲ್ ರಿಪೇರಿ ಮಾಡುವವನು, ಬಸವನಗುಡಿ

ದಾರಿ ಯಾವುದಾದರೂ ಇರಲಿ, ಜಾಲಿ ಮುಳ್ಳು ಎಲ್ಲ ಕಡೆಯೂ ಒಂದೇ. ಟ್ಯೂಬ್‌ಲೆಸ್ ಟೈರಿಗೆ ತೂತು ಮುಚ್ಚುವ ದ್ರವವನ್ನು (ಸೀಲಂಟ್) ಹೊಸದಾಗಿ ತುಂಬಿಸಿಕೊಳ್ಳಿ, ಕಳೆದ ವರ್ಷದ್ದು ಒಣಗಿ ಸಿಪ್ಪೆಯಾಗಿರುತ್ತದೆ. ಟ್ಯೂಬ್ ಹಾಕಿದ್ದರೆ ತಲಾ ಎರಡು ಹೆಚ್ಚುವರಿ ಟ್ಯೂಬ್, ಪಂಪು, ಚೈನ್ ಕೀಳುವ ಸಲಕರಣೆ ಬೇಕೇ ಬೇಕು. ಮುಳ್ಳು ಟೈರಿನಲ್ಲಿ ಉಳಿದಿದೆಯೇ ಎಂದು ಒಳಗಿನಿಂದ ಬೆರಳಾಡಿಸಿ ನೋಡದೆ ಹೊಸ ಟ್ಯೂಬ್ ಹಾಕಿದರೆ ನೂರು ಅಡಿಯಲ್ಲಿ ಮತ್ತೆ ಕುಳಿತುಕೊಳ್ಳುತ್ತೀರಿ.

ಡಿಸೆಂಬರಿನಲ್ಲಿ ರಸ್ತೆಯ ಮೇಲೆ ಹುರುಳಿ ಒಕ್ಕಣೆ ಹಾಸಿರುತ್ತಾರೆ. ಅದರ ಮೇಲೆ ಸೈಕಲ್ ತುಳಿಯಬೇಡಿ, ಇಳಿದು ಎತ್ತಿಕೊಂಡು ದಾಟಿ. ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಗೇರ್ ಬದಲಿಸುವ ಡಿರೈಲರನ್ನು ಚೌಕಟ್ಟಿಗೆ ಹಿಡಿದಿಡುವ ಕೊಂಡಿ ಮುರಿಯುತ್ತದೆ, ಆ ಕೊಂಡಿ ಕನಕಪುರದಲ್ಲೂ ಸಿಗುವುದಿಲ್ಲ, ಹೊಸೂರಿನಲ್ಲೂ ಸಿಗುವುದಿಲ್ಲ. ನಿಮ್ಮ ಸೈಕಲ್ಲಿನ ಮಾದರಿಗೆ ಸರಿಹೊಂದುವ ಒಂದನ್ನು ಚೀಲದಲ್ಲಿಟ್ಟುಕೊಳ್ಳಿ. ಘಟ್ಟ ಇಳಿಯುವಾಗ ಬ್ರೇಕನ್ನು ಒತ್ತಿಹಿಡಿಯದೆ ಬಿಟ್ಟು ಬಿಟ್ಟು ಒತ್ತಿ. ಹೊರಡುವ ಮುನ್ನ ಪ್ಯಾಡ್ ಬದಲಿಸಿ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಚುಕ್ಕಿಗೆರೆಯನ್ನು ಅಳಿಸಿಬಿಟ್ಟೆ. ತಮ್ಮ ನಾಲೆ ಏರಿ ಎನ್ನುತ್ತಾನೆ, ನನಗೆ ಅಂಚೆಟ್ಟಿಯ ಮೇಲೆ ಮನಸ್ಸು. ಬಿಳಿಗುಂಡ್ಲುವಿನಲ್ಲಿ ಹೊಳೆಯನ್ನು ತೆಪ್ಪದಲ್ಲಿ ದಾಟಿ ಕರ್ನಾಟಕದ ದಡಕ್ಕೆ ಬರಬಹುದೇ? ಹೊಳೆಗೆ ತೀರಾ ಹತ್ತಿರ ತಂಗುವ ಜಾಗ ಬೇರೆ ಇದೆಯೇ?

ಹೊಸೂರಿನಿಂದ

ದಾಟುವ ಯೋಚನೆ ಬಿಡಿ. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕರ್ನಾಟಕ ವರ್ಷಕ್ಕೆ 177.25 ಟಿಎಂಸಿ ನೀರನ್ನು ತಮಿಳುನಾಡಿಗೆ ಬಿಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತಲ್ಲ, ಅದನ್ನು ಅಳೆಯುವುದು ಅಲ್ಲೇ. ಎರಡೂ ದಡ ಕಾಡು, ಆಚೆ ಇಳಿದರೂ ಸೈಕಲ್ ಹೋಗುವ ದಾರಿಯಿಲ್ಲ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಮಳೆಯೇ ಇಲ್ಲದ ದಿನವೂ ಹೊಳೆ ಏರುತ್ತದೆ. ಹೊಗೇನಕಲ್‌ನಲ್ಲೂ ನೀರು ಹೆಚ್ಚಾದಾಗ ತೆಪ್ಪ ನಿಲ್ಲಿಸುತ್ತಾರೆ. ಹೊರಡುವ ಹಿಂದಿನ ದಿನ ಪತ್ರಿಕೆಯಲ್ಲಿ ಹೊರಹರಿವು ಎಷ್ಟೆಂದು ನೋಡಿಕೊಳ್ಳಿ.

ಕನಕಪುರ ರಸ್ತೆಯಿಂದ

ತಂಗಲು ಭೀಮೇಶ್ವರಿ ಅಥವಾ ಗಾಳಿಬೋರೆ. ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ಶಿಬಿರಗಳು ಹೊಳೆಯ ದಡದಲ್ಲೇ ಇವೆ. ಖರ್ಚು ಹೆಚ್ಚು, ಆದರೆ ಕಾನೂನು ಮುರಿಯದೆ ಕಾವೇರಿಯ ಪಕ್ಕದಲ್ಲಿ ಮಲಗಲು ಅದೇ ಸುಲಭದ ದಾರಿ. ಡಿಸೆಂಬರ್ ಕೊನೆಯ ವಾರವಾದ್ದರಿಂದ ಇವತ್ತೇ ಫೋನ್ ಮಾಡಿ, ಗೇಟಿನಲ್ಲಿ ಸೈಕಲ್ ಬಿಡುತ್ತಾರೆಯೇ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿಬಿಡಿ.