ಪದಚರ್ಚೆ: ಹಳೆಯ ರೈಫಲ್ ಮೈಮೇಲಿನ ಕಂದು ಬಣ್ಣವನ್ನು ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ಹಿರಿಯರಿಂದ ಬಂದ ಬೇಟೆ ರೈಫಲ್‌ಗಳ ಸ್ಥಿತಿ ನೋಡಿ ಬೆಲೆ ಅಂದಾಜು ಮಾಡುವ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ತುಕ್ಕು’ ಎಂಬ ಪದಕ್ಕೆ ಬಂದು ಕೈ ನಿಂತಿದೆ.

ಹಳೆಯ ಕೋವಿಯ ಉಕ್ಕಿನ ಮೇಲೆ ನಾವು ತುಕ್ಕು ಎನ್ನುವುದು ಯಾವಾಗಲೂ ಒಂದೇ ಅಲ್ಲ. ತಯಾರಾದಾಗಲೇ ಕೊಟ್ಟ ನೀಲಿಗಪ್ಪು ಹೊಳಪು ಬಳಿದ ಬಣ್ಣವಲ್ಲ. ಹಳೆಯ ಕ್ರಮದಲ್ಲಿ ಉಕ್ಕಿಗೆ ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸಿ ನೀರಿನಲ್ಲಿ ಕುದಿಸುತ್ತಾರೆ. ಕೆಂಪು ತುಕ್ಕು ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗುತ್ತದೆ. ಮೇಲಿನ ಪುಡಿ ಉಜ್ಜಿ ತೆಗೆದು ಮತ್ತೆ ಮತ್ತೆ ಹೀಗೇ ಮಾಡಿದಾಗ ಆ ಆಳವಾದ ಬಣ್ಣ ಕೂರುತ್ತದೆ. ದಶಕಗಳ ಕಾಲ ಕೈ ತಾಗಿ, ಗಾಳಿ ತಾಗಿ ಅದು ಸವೆದಲ್ಲಿ ನಯವಾದ ಕಂದು ಬಣ್ಣ ಉಳಿಯುತ್ತದೆ. ಉಕ್ಕನ್ನೇ ತಿಂದು ಗುಳಿ ಬೀಳಿಸುವ ಕೆಂಪು ತುಕ್ಕು ಬೇರೆಯೇ.

ಈ ಕಂದಿಗೆ ಹೆಸರಿಲ್ಲದಿರುವುದು ಬರೀ ಭಾಷೆಯ ಕೊರತೆಯಲ್ಲ. ನನ್ನ ಬಂಧುಗಳೊಬ್ಬರು ‘ತುಕ್ಕು ಹಿಡಿದಿದೆ’ ಎಂದು ಅಜ್ಜನ ರೈಫಲನ್ನು ಉಪ್ಪುಕಾಗದದಲ್ಲಿ ತಿಕ್ಕಿ ಬೆಳ್ಳಗೆ ಮಾಡಿದರು. ಕೆತ್ತಿದ ಅಕ್ಷರಗಳ ಅಂಚು ಹೋಯಿತು, ಸಂಗ್ರಹಕಾರರು ಬಯಸುವ ಹಳಮೆ ಹೋಯಿತು. ಹೊಸದಾಗಿ ಬಣ್ಣ ಕೊಡಿಸಿದರೂ ಅದು ವಾಪಸ್ ಬರುವುದಿಲ್ಲ. ಆ ದಿನ ಬೇರೊಂದು ಪದ ಅವರ ನಾಲಿಗೆಯ ಮೇಲಿದ್ದರೆ ಕೈ ತಡೆಯುತ್ತಿತ್ತು ಎಂದೇ ನನಗನ್ನಿಸುತ್ತದೆ.

‘ಕಿಲುಬು’ ತಾಮ್ರ, ಹಿತ್ತಾಳೆಯದು. ಅದೂ ಉಜ್ಜಿ ತೆಗೆಯಬೇಕಾದದ್ದು. ‘ಕಿಟ್ಟ’ ಎಂದರೆ ಕಸವೇ. ‘ಮಾಸಲು’ ಎಂದರೆ ಕಳೆದುಕೊಂಡದ್ದು ಮಾತ್ರ ಕಾಣುತ್ತದೆ, ಗಳಿಸಿದ್ದು ಕಾಣುವುದಿಲ್ಲ. ನನಗೆ ಹೊಳೆದದ್ದು ‘ಮಾಗುಬಣ್ಣ’. ಅದಕ್ಕೆ ಜೋಡಿಯಾಗಿ ಮೊದಲಿನ ನೀಲಿಗಪ್ಪಿಗೆ ‘ಹುಟ್ಟುಬಣ್ಣ’. ಬೆಲೆ ಕಟ್ಟುವವರು ಅದು ಎಷ್ಟು ಭಾಗ ಉಳಿದಿದೆ ಎಂದು ಶೇಕಡಾ ಲೆಕ್ಕದಲ್ಲೇ ಹೇಳುತ್ತಾರಲ್ಲ, ‘ಹುಟ್ಟುಬಣ್ಣ ನೂರಕ್ಕೆ 60 ಉಳಿದಿದೆ, ಮಿಕ್ಕಿದ್ದು ಮಾಗುಬಣ್ಣ’ ಎಂದರೆ ಯಾರಿಗಾದರೂ ತಿಳಿಯುತ್ತದೆ.

ಆದರೆ ನಳಿಗೆಯ ಒಳಗೆ ಈ ಪದ ನುಸುಳಬಾರದು. ರೈಫಲ್ ಎಂಬ ಹೆಸರೇ ಒಳಗಿನ ಸುರುಳಿ ಗೀರುಗಳಿಂದ ಬಂದದ್ದು. ಅವುಗಳ ಅಂಚು ಚೂಪಾಗಿರಬೇಕು. ಹಳೆಯ ತೋಟಾಗಳ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದಿನಲ್ಲಿದ್ದ (ಪ್ರೈಮರ್) ಪೊಟ್ಯಾಸಿಯಂ ಕ್ಲೋರೇಟ್ ಉರಿದು ಉಪ್ಪು ಬಿಡುತ್ತಿತ್ತು. ಆ ಉಪ್ಪು ತೇವ ಎಳೆದುಕೊಂಡು ನಳಿಗೆಯನ್ನು ಒಳಗಿಂದ ತಿನ್ನುತ್ತಿತ್ತು. ಹೊರಗೆ ಚೆಂದ ಕಂಡ ಎಷ್ಟೋ ಕೋವಿಗಳ ಬೆಲೆ ಬೆಳಕು ಹಾಯಿಸಿ ಒಳಗೆ ನೋಡಿದಾಗ ಬಿದ್ದುಹೋಗುವುದು ಇದರಿಂದಲೇ. (ನೋಡುವ ಮೊದಲು ತೋಟಾ ಇಲ್ಲವೆಂದು ಖಚಿತಮಾಡಿಕೊಳ್ಳುವುದನ್ನು ಕೈಪಿಡಿಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ.) ಒಳಗಿನದಕ್ಕೆ ‘ತುಕ್ಕು’, ‘ಗುಳಿ’ ಇವೇ ಸರಿ.

ಕಮ್ಮಾರಿಕೆ ಬಲ್ಲ ಮನೆಗಳಲ್ಲಿ, ಹಳೆಯ ಕತ್ತಿ ಕೊಡಲಿಗಳ ಈ ಕಂದಿಗೆ ಆಡುಮಾತಿನ ಪದ ಇದೆಯೇ? ಇದ್ದರೆ ನನ್ನ ‘ಮಾಗುಬಣ್ಣ’ವನ್ನು ಸಂತೋಷದಿಂದ ಬಿಟ್ಟುಬಿಡುತ್ತೇನೆ.