ತಿಂಗಳಿಗೊಂದು ದೇಶದ ಊಟ: ಸಸ್ಯಾಹಾರಿಗಳನ್ನೂ ಕೂಡಿಸಿಕೊಂಡು ಹೋಗುವುದು ಹೇಗೆ?

ಪ್ರಶ್ನೆ (ಠಾಣೆಯ ಸದಸ್ಯೆ)

ಎಲ್ಲರಿಗೂ ನಮಸ್ಕಾರ. ಮುಂಬೈ ಆಸುಪಾಸಿನ ಠಾಣೆ, ಮುಲುಂಡ್, ಡೊಂಬಿವಲಿಗಳಲ್ಲಿ ನೆಲೆಸಿರುವ ನಾವು ಹದಿನಾಲ್ಕು ಮಂದಿ ಕನ್ನಡಿಗರು ಒಂದು ವರ್ಷದಿಂದ ಪ್ರತಿ ತಿಂಗಳ ಎರಡನೆಯ ಶನಿವಾರ ರಾತ್ರಿ ಒಟ್ಟಾಗಿ ಹೊರಟು, ಒಂದೊಂದು ಸಲ ಒಂದೊಂದು ದೇಶದ ಅಡುಗೆಯನ್ನು ಸವಿದು ಬರುವ ಹವ್ಯಾಸ ಬೆಳೆಸಿಕೊಂಡಿದ್ದೇವೆ. ನಮ್ಮಲ್ಲಿ ಆರು ಜನ ಶುದ್ಧ ಸಸ್ಯಾಹಾರಿಗಳು. ಅವರಲ್ಲಿ ಇಬ್ಬರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಉಳಿದವರಲ್ಲಿ ಹೆಚ್ಚಿನವರು ಕರಾವಳಿಯವರಾದ್ದರಿಂದ ಮೀನಿಲ್ಲದ ಊಟವನ್ನು ಊಟವೆಂದೇ ಎಣಿಸುವುದಿಲ್ಲ.

ಕಳೆದ ತಿಂಗಳು ಒಂದು ಜಪಾನಿ ಹೋಟೆಲಿಗೆ ಹೋಗಿ, ಮೆನು ಕಾರ್ಡಿನಲ್ಲಿ ‘ವೆಜ್’ ಎಂದು ಬರೆದಿದ್ದ ಮಿಸೊ ಸೂಪನ್ನು ತರಿಸಿದೆವು. ಗುಂಪಿನ ಹಿರಿಯರಾದ ನಮ್ಮ ಮೇಷ್ಟ್ರು ಎರಡು ಚಮಚ ಕುಡಿದು, ಮೂರನೆಯದನ್ನು ಬಾಯಿಯವರೆಗೆ ತಂದು ನಿಲ್ಲಿಸಿ, “ಒಣಮೀನಿನ ವಾಸನೆ ಬರುತ್ತಿದೆಯಲ್ಲ” ಎಂದರು. ವಿಚಾರಿಸಿದರೆ, ಮೀನಿನ ತುಂಡನ್ನು ಹಾಕಿಲ್ಲ, ಬೇಯಿಸಿದ ನೀರು ಮಾತ್ರ ಎಂಬ ಸಮಜಾಯಿಷಿ ಬಂತು. ಮೇಷ್ಟ್ರು ಬರೀ ಅನ್ನಕ್ಕೆ ಉಪ್ಪು ಕಲಸಿಕೊಂಡು ತಿಂದು ಎದ್ದರು. ಬಿಲ್ಲನ್ನು ಸಮನಾಗಿ ಹಂಚುವ ಪದ್ಧತಿಯಿದ್ದುದರಿಂದ ಆ ಅನ್ನಕ್ಕೆ ಅವರು ಎರಡು ಸಾವಿರ ರೂಪಾಯಿಗೂ ಹೆಚ್ಚು ಕೊಟ್ಟಂತಾಯಿತು. ಅವರು ಏನೂ ಅನ್ನಲಿಲ್ಲ. ಆದರೆ ಈ ತಿಂಗಳು ‘ಬರುವುದು ಅನುಮಾನ’ ಎಂದು ತಿಳಿಸಿದ್ದಾರೆ. ಮುಂದೆ ಯಾವ ದೇಶದ ಅಡುಗೆಯನ್ನು ಆರಿಸಿಕೊಳ್ಳಬೇಕು, ಬಿಲ್ಲನ್ನು ಹೇಗೆ ಹಂಚಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಾಟುಂಗಾದ ಸದಸ್ಯರು)

ಮೇಷ್ಟ್ರ ಮೂಗು ಸರಿಯಾಗಿಯೇ ಹೇಳಿದೆ. ಜಪಾನಿ ಅಡುಗೆಯ ತಳಹದಿಯಾದ ‘ದಾಶಿ’ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ‘ಕೊಂಬು’ ಎಂಬ ಕಡಲಪಾಚಿಯ ಜೊತೆಗೆ, ಹೊಗೆಯಲ್ಲಿ ಒಣಗಿಸಿ ಕಾಗದದಷ್ಟು ತೆಳ್ಳಗೆ ಹೆರೆದ ಮೀನನ್ನು ನೀರಿಗೆ ಹಾಕಿ, ಅನಂತರ ಸೋಸಿ ತಯಾರಿಸುತ್ತಾರೆ. ಸೋಸಿದ ಮೇಲೆ ಕಣ್ಣಿಗೆ ಏನೂ ಕಾಣದಿರುವುದರಿಂದ ಬಡಿಸುವವರಿಗೂ ಅದು ಮೀನೆಂದು ಅನ್ನಿಸುವುದಿಲ್ಲ. ಥಾಯ್ ಕರಿಗಳ ಮಸಾಲೆಯಲ್ಲಿ ಸೀಗಡಿಯನ್ನು ಅರೆದಿರುತ್ತಾರೆ. ಕೊರಿಯಾದ ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿಗೂ ಹೆಚ್ಚಾಗಿ ಮೀನಿನ ರಸವನ್ನೋ ಉಪ್ಪು ಹಾಕಿದ ಸೀಗಡಿಯನ್ನೋ ಸೇರಿಸುತ್ತಾರೆ. ಇಟಲಿಯ ಪಾರ್ಮೆಜಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಆದ್ದರಿಂದ ‘ವೆಜ್ ಇದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಇದೆ ಎಂದೇ ಹೇಳುತ್ತಾರೆ.

ನಾನು ಕೆಲವು ವರ್ಷಗಳಿಂದ ಇಂಥದೇ ಒಂದು ಗುಂಪಿನ ಜವಾಬ್ದಾರಿ ನೋಡಿಕೊಳ್ಳುತ್ತಿದ್ದೇನೆ. ಆ ದೇಶದವರು ತಮ್ಮ ವ್ರತದ ದಿನ ಏನು ಉಣ್ಣುತ್ತಾರೆ ಎಂದು ಮೊದಲು ತಿಳಿದುಕೊಂಡು, ಹೋಟೆಲಿನಲ್ಲಿ ಅದನ್ನೇ ಕೇಳುವುದು ನಾನು ಕಂಡುಕೊಂಡ ದಾರಿ. ನಮ್ಮಲ್ಲಿ ಏಕಾದಶಿ, ಚಾತುರ್ಮಾಸಗಳಿರುವಂತೆ ಅಲ್ಲಿಯೂ ನೇಮನಿಷ್ಠೆಗಳಿವೆ, ಮತ್ತು ನೂರಾರು ವರ್ಷ ಅದನ್ನೇ ಉಂಡವರು ಅದನ್ನು ರುಚಿಕಟ್ಟಾಗಿ ಮಾಡಲು ಕಲಿತೇ ಇರುತ್ತಾರೆ. ಜಪಾನಿನಲ್ಲಿ ಬೌದ್ಧ ಮಠಗಳ ‘ಶೋಜಿನ್ ರ್ಯೋರಿ’ ಎಂಬ ಅಡುಗೆಯಿದೆ. ಅಲ್ಲಿ ದಾಶಿಯನ್ನು ಕಡಲಪಾಚಿ ಮತ್ತು ಒಣಗಿದ ಅಣಬೆಯಿಂದಲೇ ಮಾಡುತ್ತಾರೆ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಕೊರಿಯಾದ ಮಠಗಳದೂ ಇದೇ ನಿಯಮ. ನಿಮ್ಮ ಆ ಇಬ್ಬರಿಗೆ ಇದಕ್ಕಿಂತ ನಿಶ್ಚಿಂತೆಯ ಊಟ ಉಡುಪಿಯ ಮಠದಲ್ಲಿ ಮಾತ್ರ ಸಿಕ್ಕೀತು. ಇಂಥ ಅಡುಗೆಯನ್ನು ಎರಡು ದಿನ ಮೊದಲೇ ತಿಳಿಸಿದರೆ ಮಾಡಿಕೊಡುವ ಬಾಣಸಿಗರಿದ್ದಾರೆ. ಶನಿವಾರ ರಾತ್ರಿ ಒಂಬತ್ತಕ್ಕೆ ಮೇಜಿನ ಮುಂದೆ ಕುಳಿತು ಕೇಳಿದರೆ ಯಾರೂ ಮಾಡಲಾರರು.

ಎಥಿಯೋಪಿಯದ ಊಟವನ್ನು ನಾವು ಹೋಟೆಲಿನಲ್ಲಿ ಉಂಡದ್ದಲ್ಲ. ಅಡಿಸ್ ಅಬಾಬಾದಲ್ಲಿ ಉದ್ಯೋಗದಲ್ಲಿದ್ದು ಬಂದ ನಮ್ಮ ಸದಸ್ಯೆಯೊಬ್ಬರು ಸಯನ್‌ನ ತಮ್ಮ ಮನೆಯಲ್ಲಿಯೇ ಏರ್ಪಡಿಸಿದ್ದರು. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರಗಳಂದು ಮಾಂಸವನ್ನಷ್ಟೇ ಅಲ್ಲ, ಹಾಲು ಬೆಣ್ಣೆಯನ್ನೂ ಬಿಡುತ್ತಾರೆ. ಹಾಗಾಗಿ ಬೇಳೆ, ಕಡಲೆಹಿಟ್ಟು, ಸೊಪ್ಪು, ಕೋಸುಗಳ ಪಲ್ಯ-ಗೊಜ್ಜುಗಳೇ ಹತ್ತಾರು ಬಗೆಯಲ್ಲಿವೆ. ಅವನ್ನೆಲ್ಲ ‘ಇಂಜೆರಾ’ ಎಂಬ ಅಗಲವಾದ ಹುಳಿದೋಸೆಯ ಮೇಲೆ ಬಡಿಸಿ, ಸುತ್ತ ಕುಳಿತವರು ಅದನ್ನೇ ಹರಿದು ಅದರಿಂದಲೇ ಬಾಚಿ ತಿನ್ನುತ್ತಾರೆ. ಇಂಜೆರಾ ಮಾಡುವ ತೆಫ್ ಎಂಬ ಕಾಳು ಸಾಸಿವೆಗಿಂತಲೂ ಸಣ್ಣದು, ನಮ್ಮ ರಾಗಿಯ ದೂರದ ನೆಂಟ. ರಾಗಿಯೂ ಪೂರ್ವ ಆಫ್ರಿಕದ ಎತ್ತರದ ಪ್ರದೇಶದಿಂದಲೇ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದು. ತೆಫ್ ಸಿಗದ ಕಾರಣ ಅವರು ರಾಗಿಹಿಟ್ಟಿಗೆ ಸ್ವಲ್ಪ ಗೋಧಿಹಿಟ್ಟು ಬೆರೆಸಿ ಮೂರು ದಿನ ಹುಳಿ ಬರಿಸುವ ಲೆಕ್ಕ ಹಾಕಿದ್ದರು. ಮೇ ತಿಂಗಳ ಸೆಕೆಗೆ ಹಿಟ್ಟು ಎರಡನೆಯ ದಿನವೇ ಉಕ್ಕಿ ಪಾತ್ರೆಯ ಕೆಳಗೆ ಹಾಸಿದ್ದ ಕಾಗದವನ್ನೆಲ್ಲ ತೋಯಿಸಿತ್ತು. ಕಾವಲಿಗೆ ಹೊಯ್ದು ಮುಚ್ಚಿ, ಮಗುಚದೆ ಒಂದೇ ಬದಿ ಬೇಯಿಸಿದಾಗ ಮೇಲೆಲ್ಲ ಸೆಟ್ ದೋಸೆಯಂತೆ ಕಣ್ಣು ಬಿಟ್ಟಿತು. ಅಂದು ಮೀನು ಬೇಕೆಂದು ಯಾರೂ ಕೇಳಲಿಲ್ಲ.

ಉತ್ತರ 2 (ಪುಣೆಯ ಸದಸ್ಯರು)

ಊಟದ ವಿಷಯ ಮೇಲಿನವರು ಹೇಳಿಯಾಯಿತು. ನಾನು ಬಿಲ್ಲಿನ ಬಗ್ಗೆ ಮಾತ್ರ ಬರೆಯುತ್ತೇನೆ. ಆರ್ಡರ್ ಕೊಡುವ ಮೊದಲೇ ಸಸ್ಯಾಹಾರ, ಮಾಂಸಾಹಾರ, ಪಾನೀಯ ಎಂದು ಮೂರು ಬಿಲ್ಲು ಬೇಕೆಂದು ಹೇಳಿಬಿಡಿ. ಊಟ ಮುಗಿದ ಮೇಲೆ ಕೇಳಿದರೆ ಗಲ್ಲಾದಲ್ಲಿರುವವರು ಯಂತ್ರ ಒಪ್ಪುವುದಿಲ್ಲ ಎನ್ನುತ್ತಾರೆ. ಸೇವಾ ಶುಲ್ಕವೆಂದು ಹತ್ತು ಪ್ರತಿಶತ ಸೇರಿಸಿದ್ದರೆ ಅದನ್ನು ತೆಗೆಸಲು ಸಂಕೋಚಪಡಬೇಕಾಗಿಲ್ಲ: ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಚೆನ್ನಾಗಿ ಬಡಿಸಿದವರ ಕೈಗೆ ನೇರವಾಗಿ ಹಣ ಕೊಡುವುದೇ ನಮ್ಮ ರೂಢಿ.

ಉತ್ತರ 3 (ಮಾಹೀಮಿನ ಸದಸ್ಯೆ)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಎಲ್ಲರೂ ಒಂದೇ ತಟ್ಟೆಯಿಂದ ಉಣ್ಣಲೇಬೇಕೆಂಬ ಹಟ ಏಕೆ? ಮುಂಬೈಯ ಬಲ್ಲಾರ್ಡ್ ಎಸ್ಟೇಟಿನಲ್ಲಿ 1923ರಿಂದ ನಡೆಯುತ್ತಿರುವ ಬ್ರಿಟಾನಿಯಾ ಎಂಬ ಇರಾನಿ ಹೋಟೆಲಿಗೆ ಹೋದರೆ, ಇರಾನಿನಿಂದ ಬರುವ ‘ಜೆರೆಷ್ಕ್’ ಎಂಬ ಕೆಂಪು ಹುಳಿಹಣ್ಣನ್ನು ಉದುರಿಸಿದ ಪುಲಾವು ತರಕಾರಿಯದೂ ಸಿಗುತ್ತದೆ, ಮಾಂಸದ್ದೂ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ಮಧ್ಯಾಹ್ನದ ಊಟದ ಜಾಗ, ಶನಿವಾರ ರಾತ್ರಿ ತೆರೆದಿರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ; ಇಲ್ಲವಾದರೆ ನಿಮ್ಮ ಶನಿವಾರದ ರಾತ್ರಿಯನ್ನು ಒಂದು ಸಲ ಮಧ್ಯಾಹ್ನಕ್ಕೆ ತರಬೇಕಾದೀತು. ಗೋವಾದ ಅಡುಗೆಗೆ ಹೋಗುವುದಾದರೆ ಒಂದು ಎಚ್ಚರಿಕೆ: ವಿಂದಾಲುವಿನಲ್ಲಿರುವುದು ಆಲೂಗಡ್ಡೆಯಲ್ಲ. ಪೋರ್ಚುಗೀಸರ ವೈನ್ ಮತ್ತು ಬೆಳ್ಳುಳ್ಳಿಯ ಮಾಂಸದಡುಗೆಯ ಹೆಸರು ಕೊಂಕಣಿಗರ ಬಾಯಲ್ಲಿ ಹಾಗಾಗಿದೆ. ನನ್ನ ಅತ್ತೆಯವರು ಆಲೂ ಎಂದು ನಂಬಿ ಆರ್ಡರ್ ಕೊಟ್ಟಿದ್ದರು, ಪುಣ್ಯಕ್ಕೆ ಪಕ್ಕದ ಮೇಜಿನವರು ತಡೆದರು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಮಾಟುಂಗಾದ ಅಣ್ಣನವರ ಉತ್ತರವನ್ನು ಮೇಷ್ಟ್ರಿಗೆ ಓದಿ ಹೇಳಿದೆ. ರಾಗಿಯ ಮಾತು ಬಂದಕೂಡಲೇ ಅವರು, ಹಿಟ್ಟು ತಮ್ಮ ಮನೆಯಲ್ಲಿಯೇ ಇದೆ, ಚನ್ನರಾಯಪಟ್ಟಣದಿಂದ ತಂದದ್ದು ಎಂದರು. ಬರುವ ಶನಿವಾರ ಇಂಜೆರಾ ಅವರ ಮನೆಯಲ್ಲಿಯೇ ಎಂದು ಗೊತ್ತಾಗಿದೆ. ಹಿಟ್ಟಿಗೆ ಗೋಧಿಯನ್ನು ಎಷ್ಟು ಪಾಲು ಬೆರೆಸಬೇಕೆಂದು ಸಯನ್‌ನ ಆ ಅಕ್ಕನವರನ್ನು ಕೇಳಿ ಬುಧವಾರದೊಳಗೆ ತಿಳಿಸುವಿರಾ? ಗುರುವಾರ ಬೆಳಿಗ್ಗೆಯೇ ನೆನೆಹಾಕಬೇಕು.